ಮನೆಮಾವ

ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಅವನ ಪಾಲಿಗೆ ಮಾವ ಎಂದರೆ ಬೆಳಗಿನಿಂದ ಒಂದು ಜೊತೆ ಬೂಟು ಮಾತ್ರ. ಪಾಲಿಶ್ ಉಜ್ಜಿ ಉಜ್ಜಿ ಹೊಳೆಯುವ ಕಪ್ಪು ಬೂಟು, ಅದರ ಮೇಲೆ ಬಂದು ಕೂತ ಪ್ಯಾಂಟಿನ ಅಂಚು, ಇಸ್ತ್ರಿಯ ನೇರ ಗೆರೆ. ಬೂಟುಗಳು ಸ್ವಲ್ಪ ಹೊತ್ತು ಚಕ್ರದ ಪಕ್ಕ ನಿಲ್ಲುತ್ತಿದ್ದವು, ಆಮೇಲೆ ಮಡಚುವ ಕುರ್ಚಿಯ ಕಡೆಗೆ ಹೋಗುತ್ತಿದ್ದವು, ಕೂತ ಶಾಸ್ತ್ರ ಮುಗಿಸಿ ಮತ್ತೆ ಎದ್ದು ಬರುತ್ತಿದ್ದವು. “ಆಯ್ತಾ ಅಳಿಯಂದ್ರೇ?” ಎಂದು ಮೇಲಿನಿಂದ ದನಿ. “ಇಲ್ಲ ಮಾವ.” “ಹಾಗಾದ್ರೆ ಬಿಟ್ಬಿಡಿ. ಯಾರಾದ್ರೂ ಕೆಲಸದವರನ್ನ ಕರೆದ್ರಾಯ್ತು. ನಾಳೆ ನೋಡ್ಕೊಳ್ಳೋಣ.” ನಾಳೆಯವರೆಗೆ ಕಕ್ಕಸಿಗೆ ಹೋಗದೆ ಕೂರುತ್ತೀರಾ ಎಂದು ಕೇಳಬೇಕೆನಿಸಿತು. ಮಲಗಿದಲ್ಲೇ ಕತ್ತು ತಿರುಗಿಸಲು ಹೋದರೆ ಅವನ ಹೊಟ್ಟೆ ಗಾಡಿಯ ಅಡ್ಡಪಟ್ಟಿಗೆ ತಗಲುತ್ತಿತ್ತು. ಹಾಸಿಕೊಂಡ ಟಾರ್ಪಾಲಿನ ಕೆಳಗಿನ ಜಲ್ಲಿ ಬೆನ್ನಿಗೆ ಚುಚ್ಚುತ್ತಿತ್ತು. ಬಿಟ್ಟುಬಿಡುವುದಕ್ಕೆ ಅವನ ತಕರಾರೇನೂ ಇರಲಿಲ್ಲ, ನಿಜವಾಗಿ ನೋಡಿದರೆ ಅವನಿಗೆ ಎಲ್ಲವನ್ನೂ ಬಿಟ್ಟುಬಿಡಬೇಕಾಗಿತ್ತು. ಆದರೆ ಮಧ್ಯಾಹ್ನ ನಾದಿನಿ ಬರುವವಳಿದ್ದಳು.

ಊರಿಂದ ಊರಿಗೆ ಓಡಿಸಿಕೊಂಡು ಹೋಗಿ ವಾಸ ಮಾಡುವ ಈ ವ್ಯಾನನ್ನು ಮನೆಗಾಡಿ ಎಂದು ಕರೆದವಳು ಅವನ ಹೆಂಡತಿ. ಮುಂದೆ ಡ್ರೈವರ್ ಸೀಟು, ಹಿಂದೆ ಎದುರುಬದುರು ಎರಡು ಹಾಸಿಗೆ, ನಡುವೆ ಒಲೆ, ಬೀರುವಿನಷ್ಟು ಅಗಲದ ಬಚ್ಚಲು. ಬಚ್ಚಲಿನ ಕೆಳಗೆ ಕೊಳಚೆಯ ಟ್ಯಾಂಕು, ಟ್ಯಾಂಕಿನಿಂದ ಹೊರಡುವ ಕೊಳವೆ, ಕೊಳವೆಯ ನಡುವೆ ಅಡ್ಡಲಾಗಿ ಜಾರುವ ಒಂದು ತಟ್ಟೆ. ಹಿಡಿ ಎಳೆದರೆ ತಟ್ಟೆ ಸರಿಯಬೇಕು, ಒಳಗಿದ್ದದ್ದೆಲ್ಲ ದಪ್ಪ ಪೈಪಿನಲ್ಲಿ ಹರಿದು ಇಂಥ ಗಾಡಿಗಳು ತಂಗುವ ಮೈದಾನದ ಮೂಲೆಯ ಗುಂಡಿ ಸೇರಬೇಕು. ಹಿಡಿ ತಳ್ಳಿದರೆ ಮುಚ್ಚಬೇಕು. ವಾಲ್ವ್ ಎಂದರೆ ಇಷ್ಟೇ. ಹೋದ ವಾರ ಹಿಂದಿನ ಊರಿನಲ್ಲಿ ಟ್ಯಾಂಕು ಖಾಲಿ ಮಾಡಿ ಮುಚ್ಚುವಾಗ ತಟ್ಟೆ ಕೊನೆಯ ಬೆರಳಗಲದಲ್ಲಿ ಏನಕ್ಕೋ ತಡೆದು ನಿಂತಿತ್ತು. ಮಳೆ ಹನಿಯುತ್ತಿತ್ತು, ಬೇಸರವಾಗಿತ್ತು, ಅವನು ಹಿಡಿಯನ್ನು ಕಾಲಿನಿಂದ ಒದ್ದು ಮುಚ್ಚಿದ್ದ. ಕೆಲಸದಲ್ಲಿದ್ದಷ್ಟು ಕಾಲ ಊರಿನ ಲಿಫ್ಟುಗಳನ್ನೆಲ್ಲ ಪರೀಕ್ಷೆ ಮಾಡಿ, ತಡೆದರೆ ಬಲ ಹಾಕಬೇಡಿ, ಬಿಚ್ಚಿ ನೋಡಿ ಎಂದು ಕಂಡಕಂಡವರಿಗೆ ಬುದ್ಧಿ ಹೇಳಿದವನು ಅವನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈಗ ತಟ್ಟೆ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಟ್ಯಾಂಕು ತುಂಬಿ ಕಮೋಡಿನ ಬಾಯಿಗೆ ಬಂದಿತ್ತು, ಒಳಗೆ ಕಿಟಕಿ ತೆರೆದಿಟ್ಟರೂ ಉಸಿರಾಡಲು ಯೋಚಿಸಬೇಕಾಗಿತ್ತು. ಬೆಳಿಗ್ಗೆ ಎದ್ದವನೇ ಕೇಳಿದ್ದ, “ಮಾವ, ಒಳಗೆ ಏನಾದ್ರೂ ಬಿತ್ತಾ ನಿಮ್ಮ ಕೈಯಿಂದ?” ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ನಾನಾ?” ಎಂದಿದ್ದರು. ಆ ಒಂದು ಪದದಲ್ಲಿ ಅವನ ಮೂರು ತಲೆಮಾರನ್ನು ಜಾಲಾಡಿ ಬಂದಂತಿತ್ತು.

ನಾದಿನಿ ಫೋನು ಮಾಡಿದಾಗ ಮಾತು ಬೆಳೆಸಿರಲಿಲ್ಲ. ಅವಳು ಯಾವತ್ತೂ ಹಾಗೆಯೇ, ಮೊದಲು ಲೆಕ್ಕದ ಉತ್ತರ ಬರೆದು ಆಮೇಲೆ ಬಿಡಿಸುವವಳು. “ಭಾವ, ಅಪ್ಪನಿಗೆ ತನ್ನ ಕೆಲಸ ತಾನು ಮಾಡ್ಕೊಳ್ಳೋಕೆ ಆಗುತ್ತೋ ಇಲ್ವೋ, ಅಷ್ಟು ಹೇಳಿ ಸಾಕು. ಆಗುತ್ತೆ ಅಂದ್ರೆ ನಿಮ್ ಜೊತೆ ಇರ್ಲಿ, ಅವರಿಗೂ ಅದೇ ಇಷ್ಟ. ಆಗಲ್ಲ ಅಂದ್ರೆ ಇಲ್ಲಿ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಹಿಡಿದಿಟ್ಟಿದ್ದೀನಿ. ಈ ವಾರ ಹೇಳ್ಬೇಕು ಆಶ್ರಮದವರಿಗೆ.” ಯೋಗ್ಯವೋ, ಯೋಗ್ಯವಲ್ಲವೋ. ಅವನ ಇಡೀ ವೃತ್ತಿಯ ಪ್ರಶ್ನೆಯೇ ಅದು, ಎಷ್ಟು ಸಾವಿರ ಸಲ ಹಗ್ಗ ನೋಡಿ ಬ್ರೇಕು ನೋಡಿ ಒಂದು ಪದ ಬರೆದು ಸಹಿ ಹಾಕಿ ಕೆಳಗಿಳಿದಿದ್ದ. ಇಲ್ಲಿ ಮಾತ್ರ ಬಾಯಿ ಬರಲಿಲ್ಲ. “ನೀನೇ ಬಂದು ನೋಡು” ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಫೋನು ಇಟ್ಟ ಮೇಲೆ ತನ್ನ ಮಾತಿನ ಕೆಳಗೆ ಇದ್ದದ್ದು ಏನು ಎಂದು ಅವನಿಗೆ ಚೆನ್ನಾಗಿಯೇ ಗೊತ್ತಾಗಿತ್ತು. ಅವಳು ಬಂದ ದಿನ ಮಾವ ಏನಾದರೂ ಎಡವಟ್ಟು ಮಾಡಲಿ, ಅವಳ ಕಣ್ಣಿಗೇ ಬೀಳಲಿ, ತಾನು ಬಾಯಿ ಬಿಡುವುದು ಬೇಡ ಎಂದು ಅವನು ಆಸೆಪಟ್ಟಿದ್ದ. ಆಸೆಪಟ್ಟದ್ದು ಒಂದು ಸಲ ಅಲ್ಲ. ಎದುರು ಹಾಸಿಗೆ ಖಾಲಿಯಾಗಿರುವುದನ್ನು, ಅದರ ಮೇಲೆ ತನ್ನ ಪೇಪರು ತನ್ನ ಅಂಗಿ ಚೆಲ್ಲಾಡಿರುವುದನ್ನು, ಯಾರೂ ಕೆಮ್ಮದ ಯಾರೂ ಗಂಟಲು ಸರಿಮಾಡಿಕೊಳ್ಳದ ಬೆಳಗನ್ನು ಅವನು ಹಲವು ಸಲ ಕಣ್ಣು ಮುಚ್ಚಿ ನೋಡಿದ್ದ. ಹಾಗೆ ನೋಡಿದ ದಿನವೇ ಮಾವನಿಗೆ ಸಂತೆಯಿಂದ ಒಳ್ಳೆಯ ಹಣ್ಣು ಆರಿಸಿ ತಂದಿದ್ದ.

ಕೈಪಂಪಿನ ಪೈಪು ಕಮೋಡಿನೊಳಗೆ ಇಳಿಬಿಟ್ಟು, ಮೇಲಿನಿಂದಲೇ ಹೀರಿ, ಚಕ್ರದ ಡಬ್ಬಕ್ಕೆ ತುಂಬಿಸಿ, ಆ ಡಬ್ಬವನ್ನು ಮೈದಾನದ ಉದ್ದಕ್ಕೂ ಎಳೆದುಕೊಂಡು ಹೋಗಿ ಗುಂಡಿಗೆ ಸುರಿದು ಬರುವುದರಲ್ಲೇ ಅರ್ಧ ಬೆಳಗು ಕಳೆದಿತ್ತು. ಕೆಳಗಿನ ವಾಲ್ವ್ ಬಿಚ್ಚಬೇಕಾದರೆ ಟ್ಯಾಂಕು ಮೊದಲು ಬರಿದಾಗಬೇಕು, ಟ್ಯಾಂಕು ಬರಿದಾಗಬೇಕಾದರೆ ವಾಲ್ವ್ ತೆರೆಯಬೇಕು, ಇಂಥ ನ್ಯಾಯ ದೇವರೇ ಮಾಡಬೇಕು. ಜಲ್ಲಿಯ ಮೇಲೆ ಡಬ್ಬದ ಚಕ್ರ ಕಿರಗುಟ್ಟುತ್ತಿತ್ತು. ದಾರಿಯ ಎರಡೂ ಬದಿಗೆ ಬೇರೆಯವರ ಗಾಡಿಗಳು. ಮೊದಲ ಸಲ ಹೋಗುವಾಗ ಕಾಫಿ ಕುಡಿಯುತ್ತ ಕೂತಿದ್ದ ಗಂಡಹೆಂಡತಿ ಕೈಯೆತ್ತಿ ನಮಸ್ಕಾರ ಮಾಡಿದ್ದರು, ಎರಡನೆಯ ಸಲಕ್ಕೆ ಲೋಟ ಎತ್ತಿಕೊಂಡು ಒಳಗೆ ಹೋದರು, ಆಮೇಲೆ ಅವರ ಕಿಟಕಿಯೂ ಮುಚ್ಚಿತು. ಗುಂಡಿಯ ಹತ್ತಿರ ಮೈದಾನ ನೋಡಿಕೊಳ್ಳುವ ಹೆಂಗಸು ಬೀಗದಕೈ ಗೊಂಚಲು ಹಿಡಿದು ನಿಂತಿದ್ದಳು. “ಸುತ್ತ ಚೆಲ್ಲಿದ್ರೆ ನೀರು ಹಾಕಿ ತೊಳೀಬೇಕು” ಎಂದಳು. ಆಮೇಲೆ, ಏನಾದರೂ ಮನುಷ್ಯರ ಮಾತಾಡಬೇಕೆಂದು ತೋರಿತೇನೋ, “ಜೊತೇಲಿರೋದು ನಿಮ್ಮ ತಂದೆಯಾ?” ಎಂದು ಕೇಳಿದಳು. “ಮಾವ.” “ಓ. ಮನೆಯವರು ಬಂದಿಲ್ವಾ?” “ಅವಳು ತೀರಿಕೊಂಡಳು.” ಆ ಹೆಂಗಸು ಅವನನ್ನು, ಆಮೇಲೆ ದೂರದಲ್ಲಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ಮುದುಕರನ್ನು ನೋಡಿ, ಲೆಕ್ಕ ತಾಳೆಯಾಗದವಳಂತೆ ಗೊಂಚಲನ್ನು ಒಮ್ಮೆ ಅಲ್ಲಾಡಿಸಿ ಹೊರಟುಹೋದಳು. ಮನೆ ಅಳಿಯ ಎಂದು ಲೋಕ ಕೇಳಿದೆ. ಮನೆಮಾವ ಎಂದರೆ ಏನು ಎಂದು ಅವನಿಗೂ ತಿಳಿಯದು.

ಅಳಿಯ ಅಲ್ಲ, ಮಗಳ ಗಂಡ ಎಂದು ಹೆಂಡತಿ ರೇಗಿಸುತ್ತಿದ್ದಳು. ಅವನು ಯಾವುದಾದರೂ ಮಾತನ್ನು ಸುತ್ತಿ ಬಳಸಿ ಅದಕ್ಕೇ ತಂದು ನಿಲ್ಲಿಸಿದಾಗಲೆಲ್ಲ ಅವಳ ಬಾಯಿಂದ ಈ ಗಾದೆ ಬರುತ್ತಿತ್ತು, ಅಪ್ಪನ ಎದುರಿಗೇ ಹೇಳುತ್ತಿದ್ದಳು, ಮಾವ ತಲೆಯೆತ್ತದೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ತರರಾಗಿದ್ದವರು ಅವರು. ಮದುವೆಯ ಮಾತುಕತೆಗೆ ಬಂದ ದಿನ ಅವನ ಸಂಬಳ ಕೇಳುವ ಮೊದಲು ಅವನ ಭುಜ ನೋಡಿದ್ದರು. “ಎಡಗಡೆ ಸ್ವಲ್ಪ ತಗ್ಗು” ಎಂದಿದ್ದರು, ಅಷ್ಟೇ. ಹುಡುಗ ಒಪ್ಪಿಗೆಯಾದನೋ ಇಲ್ಲವೋ ಎಂದು ಮನೆಯಲ್ಲಿ ಒಂದು ವಾರ ಚರ್ಚೆಯಾಯಿತಂತೆ. ಅವಳು ಇದ್ದಾಗ ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವೇ ಬಿದ್ದಿರಲಿಲ್ಲ, ಅವಳ ಮೂಲಕ ಮಾತು ಹೋಗಿ ಬರುತ್ತಿತ್ತು. ಅವಳು ಹೋದ ಮೇಲೆ ಮಾವ ಸ್ವಲ್ಪ ದಿನಕ್ಕೆಂದು ಗಾಡಿ ಹತ್ತಿದರು, ಇಳಿಯಲಿಲ್ಲ. ಮಗಳೇ ಇಲ್ಲದ ಮೇಲೆ ಮಗಳ ಗಂಡ ಯಾರು? ಆದರೆ ದಿನ ಬೆಳಗಾದರೆ ಎದುರು ಹಾಸಿಗೆಯಿಂದ ಅಳಿಯಂದ್ರೇ ಎನ್ನುವ ಕರೆ ಬರುತ್ತಿತ್ತು, ಅವನು ಓಗೊಡುತ್ತಿದ್ದ. ಈ ಲೋಕದಲ್ಲಿ ಅವನನ್ನು ಯಾವುದಾದರೂ ಸಂಬಂಧದಿಂದ ದಿನಾ ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಇದನ್ನು ಅವನು ಒಮ್ಮೆಯೂ ಕೂತು ಯೋಚಿಸಿರಲಿಲ್ಲ, ಯೋಚಿಸಿದ್ದರೆ ಸಿಟ್ಟು ಬರುತ್ತಿತ್ತು.

ನಾಲ್ಕು ಬೋಲ್ಟುಗಳಲ್ಲಿ ಕೆಳಗಿನವು ಸುಲಭವಾಗಿ ಬಂದವು. ಮೇಲಿನವು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಸಿಂಪಡಿಸಿ, ಅದು ಇಳಿಯಲೆಂದು ಕಾಯುತ್ತ, ಮುಖಕ್ಕೆ ಬಿದ್ದ ಹನಿಯನ್ನು ತೋಳಿನಿಂದ ಒರೆಸಿಕೊಂಡು ಕಣ್ಣು ಮುಚ್ಚಿದ. ಬಟ್ಟೆ ತೊಳೆಯುವ ಅಂಗಡಿಯ ಹೆಂಗಸಿನ ಮುಖ ಬಂತು. ಯಾಕೆ ಬಂತೋ. ಅದು ಹಿಂದಿನ ಊರಿನಲ್ಲಿ. ಕೊಟ್ಟದ್ದು ನಾಲ್ಕು ಹೊದಿಕೆ, ಬಂದದ್ದು ಮೂರು ಎಂದು ಅವನು ಜಗಳ ತೆಗೆದಿದ್ದ. ನೀಲಿ ಗೆರೆಯ ಹತ್ತಿಯ ಹೊದಿಕೆ, ಮೆತ್ತಗೆ ಸವೆದದ್ದು, ಹೆಂಡತಿ ಹೊದೆಯುತ್ತಿದ್ದದ್ದು. ಆ ಹೆಂಗಸು “ನೀವು ಕೊಟ್ಟೇ ಇಲ್ಲ ಸ್ವಾಮಿ, ನಾನ್ಯಾಕೆ ನಿಮ್ ಹಳೇ ಬಟ್ಟೆ ಇಟ್ಕೊಳ್ಳಲಿ” ಎಂದು ಮೊದಲು ಮೆಲ್ಲಗೆ, ಆಮೇಲೆ ಅಳುವ ದನಿಯಲ್ಲಿ ಹೇಳಿದಳು. ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ಅವನು ಬಿಡಲಿಲ್ಲ, ಆ ಹೊದಿಕೆಯ ವಿಷಯದಲ್ಲಿ ಯಾರ ಮುಂದಾದರೂ ಹಠ ಮಾಡಬಲ್ಲವನಾಗಿದ್ದ. ಮಾವ ಪಕ್ಕದಲ್ಲೇ ಇದ್ದರು. “ಜವಾಬ್ದಾರಿ ಬೇಕಮ್ಮ, ಬೇರೆಯವರ ಬಟ್ಟೆ ಅಂದ್ರೆ ಸುಮ್ನೆ ಅಲ್ಲ” ಎಂದು ಅವರೂ ದನಿ ಸೇರಿಸಿದ್ದರು. ಜೊತೆಯಾಗಿ ಜಗಳಾಡಿ ಬಂದ ಆ ಸಂಜೆ ಇಬ್ಬರೂ ಎಂದಿಗಿಂತ ಹೆಚ್ಚು ಮಾತಾಡಿದ್ದರು. ಲೋಕ ಕೆಟ್ಟುಹೋಗಿದೆ ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

“ಅಳಿಯಂದ್ರೇ, ಬಿಚ್ತಾ ಇದ್ದೀರಾ?” ಬೂಟುಗಳು ತೀರಾ ಹತ್ತಿರ ಬಂದಿದ್ದವು. “ಹೂಂ.” “ಪೂರ್ತಿ ಬಿಚ್ಚಬೇಕಾ? ಮೇಲಿಂದ ಬಿಸಿನೀರು ಹಾಕಿದ್ರೆ ಹಾಗೇ ಬಿಟ್ಕೊಳ್ಳಲ್ವಾ?” “ಹಾಕಿದ್ದಾಯ್ತು ಮಾವ.” “ಇನ್ನೊಂದು ಸಲ ಹಾಕಿ ನೋಡಬಹುದಿತ್ತು.” ಅವನು ಸ್ಪ್ಯಾನರಿಗೆ ಮೈಭಾರ ಬಿಟ್ಟ. ಬೋಲ್ಟು ಕಿರುಚಿ ತಿರುಗಿತು. ಈ ಮನುಷ್ಯನಿಗೆ ಕೆಲಸ ಆಗುವುದೇ ಬೇಡವೇನೋ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇಂಥವರನ್ನು ಕಂಡೇ ಹುಟ್ಟಿದ ಮಾತು. “ಒಂದು ಮಾತು ಕೇಳಿ” ಎಂದರು ಮಾವ. ಈ ಸಲ ದನಿ ಸಣ್ಣದಾಗಿತ್ತು. “ಅವಳು ಬರೋ ಹೊತ್ತಿಗೆ ಇದೆಲ್ಲ ಹರಡಿಕೊಂಡು ಕೂರೋದು ಬೇಡ. ಹಾಗೇ ಮುಚ್ಚಿಬಿಡಿ. ಅವಳು ಹೋದ್ಮೇಲೆ ನಿಧಾನವಾಗಿ ನಾವೇ ನೋಡ್ಕೊಳ್ಳೋಣ.” “ಇನ್ನೇನು ಬಂತು ಮಾವ, ಸುಮ್ನಿರಿ” ಎಂದು ಅವನು ಕೂಗಿಕೊಂಡಂತೆ ಹೇಳಿ, ಕೆಳಗೆ ಬೇಸಿನ್ ಸರಿಸಿ, ಕೊಳವೆಯ ಎರಡು ತುಟಿಗಳ ನಡುವೆ ಉಳಿ ತೂರಿಸಿ ಬಿಡಿಸಿದ. ಉಳಿದಿದ್ದ ನೀರು ಬೇಸಿನ್ನಿಗೆ ಇಳಿಯಿತು. ವಾಲ್ವ್ ಅವನ ಕೈಗೆ ಬಂತು. ತಟ್ಟೆ ಜಾರುವ ಸೀಳಿನಲ್ಲಿ ಗಟ್ಟಿಯಾಗಿ ಮುದ್ದೆಯಾಗಿ ಏನೋ ಸಿಕ್ಕಿಕೊಂಡಿತ್ತು. ಇಕ್ಕಳದಿಂದ ಹಿಡಿದು ಎಳೆದ. ಬಂತು, ಮತ್ತೆ ಬಂತು, ಉದ್ದಕ್ಕೆ ಬರುತ್ತಲೇ ಹೋಯಿತು. ಅದರ ಹಿಂದೆ ಇನ್ನೊಂದು. ಬಟ್ಟೆ. ಬೇಸಿನ್ನಿನ ನೀರಲ್ಲಿ ಅದ್ದಿ ಹಿಂಡಿದಾಗ ಕೊಳೆಯ ಕೆಳಗಿನಿಂದ ಒಂದು ನೀಲಿ ಗೆರೆ ಕಾಣಿಸಿತು. ಅವನು ಕತ್ತು ತಿರುಗಿಸಿ ನೋಡಿದ. ಬೂಟುಗಳು ಸ್ವಲ್ಪ ಹೊತ್ತು ಅಲುಗಾಡದೆ ನಿಂತಿದ್ದವು. ಆಮೇಲೆ ಒಂದರ ಹಿಂದೆ ಒಂದು ತಿರುಗಿ, ಮೆಟ್ಟಿಲ ಕಡೆಗೆ ಹೋಗಿ, ಮೇಲೇರಿದವು. ಅವನ ತಲೆಯ ಮೇಲೆ ಗಾಡಿ ಸಣ್ಣಗೆ ತೂಗಿತು.

ಮೊದಲು ಬಂದದ್ದು ಸಿಟ್ಟೇ. ಹೊದಿಕೆಯನ್ನು ಹರಿದಿದ್ದಾರೆ. ಅವಳ ಹೊದಿಕೆಯನ್ನು. ತಾನು ಯಾರೋ ಬಡಪಾಯಿ ಹೆಂಗಸಿನ ಮೇಲೆ ಎಗರಾಡುವಾಗ ಪಕ್ಕದಲ್ಲಿ ನಿಂತು ಜವಾಬ್ದಾರಿಯ ಪಾಠ ಹೇಳಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಿರಲಿ, ಮುದುಕ ಕಳ್ಳನನ್ನು ಹುಡುಕಲು ಹೊರಟಿದ್ದ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಅವನು ಗಾಡಿಯ ಕೆಳಗಿನಿಂದ ಹೊರಗೆ ತೆವಳಿ ಬಂದ. ಇದನ್ನು ಹಾಗೆಯೇ ಹುಲ್ಲಿನ ಮೇಲೆ ಹರಡಿ ಇಟ್ಟರೆ ಸಾಕು. ಒಂದು ಮಾತೂ ಆಡಬೇಕಿಲ್ಲ. ನಾದಿನಿಗೆ ಕಣ್ಣಿದೆ, ಮೂಗಿದೆ, ಯೋಗ್ಯವಲ್ಲ ಎಂದು ಅವಳೇ ಬರೆದು ಅವಳೇ ಸಹಿ ಹಾಕುತ್ತಾಳೆ. ಬಿಸಿಲಿಗೆ ಹಿಡಿದು ನೋಡಿದ. ಹರಿದದ್ದಲ್ಲ, ಕತ್ತರಿಸಿದ್ದು. ನೂಲಿನ ದಾರಿ ಹಿಡಿದು ಒಂದು ಎಳೆಯೂ ತಪ್ಪದೆ ಕತ್ತರಿಸಿ, ಮೂರು ಪದರ ಮಾಡಿ, ನಾಲ್ಕೂ ಅಂಚು ಮಡಿಸಿ ಹೊಲಿದಿದ್ದರು. ಹೊಲಿಗೆ ಅಲ್ಲಲ್ಲಿ ಗೆರೆ ತಪ್ಪಿ ವಾಲಿತ್ತು, ಒಂದು ಕಡೆ ಅದೇ ಜಾಗವನ್ನು ಬಿಚ್ಚಿ ಎರಡನೆಯ ಸಲ ಹೊಲಿದ ಗುರುತಿತ್ತು. ಸೂಜಿಗೆ ದಾರ ಪೋಣಿಸಿ ಕೊಡಿ ಅಳಿಯಂದ್ರೇ, ಕೋಟಿನ ಗುಂಡಿ ಸಡಿಲವಾಗಿದೆ, ಎಂದು ಮಾವ ಸೂಜಿ ಮುಂದೆ ಹಿಡಿಯುತ್ತಿದ್ದದ್ದು ನೆನಪಾಯಿತು. ದಿನಾ ಎಂಥ ಗುಂಡಿ ಎಂದು ಅವನು ಕೇಳಿರಲಿಲ್ಲ. ಮುದುಕರ ಚಟ ಎಂದು ಪೋಣಿಸಿ ಕೊಟ್ಟು ಪೇಪರು ಓದುತ್ತಿದ್ದ. ಆ ಬೀರುವಿನಂಥ ಬಚ್ಚಲಿನ ಬಾಗಿಲು ಹಾಕಿಕೊಂಡು, ಮಂದ ದೀಪದಲ್ಲಿ, ಊರಿನ ಗಣ್ಯರ ಸೂಟು ಕತ್ತರಿಸಿದ ಕೈ ತನಗಾಗಿ ಇದನ್ನು ಹೊಲಿದುಕೊಳ್ಳುತ್ತಿತ್ತು. ಒದ್ದೆಯಾದದ್ದನ್ನು ಎಲ್ಲಿಡುವುದು? ಈ ಗಾಡಿಯಲ್ಲಿ ಯಾರಿಗೂ ತಿಳಿಯದ ಹಾಗೆ ಏನನ್ನೂ ಇಡುವ ಜಾಗವಿಲ್ಲ. ಹಾಗಾಗಿ ಕಮೋಡಿಗೆ ಹಾಕಿ ನೀರು ಬಿಟ್ಟಿದ್ದಾರೆ. ಅವನಿಗೆ ಮತ್ತೆ ಸಿಟ್ಟು ಬಂತು, ಈ ಸಲ ಅದು ಯಾರ ಮೇಲೆಂದು ತಿಳಿಯಲಿಲ್ಲ. ಅಳು ಬಂದರೂ ಬರಲಿ ಎನ್ನಿಸಿತು, ಅದೂ ಬರಲಿಲ್ಲ, ತುಂಬಾ ದಣಿವಾಗಿತ್ತು.

ಬಟ್ಟೆಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಮೈದಾನದ ಕಸದ ತೊಟ್ಟಿಯ ತಳಕ್ಕೆ ಹಾಕಿ ಬಂದ. ಅದರಿಂದ ಏನನ್ನೂ ತೀರ್ಮಾನಿಸಿದಂತಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ, ಸಾಕ್ಷಿ ಇಲ್ಲದಿದ್ದರೂ ಬಾಯಿ ಇದ್ದೇ ಇದೆ. ಹೇಳುವುದೇ ಸರಿ. ಆಶ್ರಮದಲ್ಲಿ ನೋಡಿಕೊಳ್ಳಲು ಜನ ಇರುತ್ತಾರೆ, ಅದಕ್ಕೆ ಬೇಕಾದ ಅನುಕೂಲ ಇರುತ್ತದೆ, ಯಾರೂ ಕದ್ದು ಹೊಲಿಯಬೇಕಾಗಿಲ್ಲ. ಇದು ನಿಜವೂ ಆಗಿತ್ತು, ತನಗೆ ಅನುಕೂಲವೂ ಆಗಿತ್ತು, ಎರಡೂ ಒಟ್ಟಿಗೆ ಬಂದಾಗ ಅವನಿಗೆ ಯಾವಾಗಲೂ ಗುಮಾನಿ. ತಟ್ಟೆಯ ಸೀಳನ್ನು ಹಳೆಯ ಬ್ರಶ್ಶಿನಿಂದ ಉಜ್ಜಿದ, ಹೊಸ ರಬ್ಬರು ಉಂಗುರ ಕೂರಿಸಿ ಗ್ರೀಸು ಹಚ್ಚಿದ, ಮತ್ತೆ ಮಲಗಿ ಬೋಲ್ಟುಗಳನ್ನು ಒಂದರ ಎದುರಿಗೆ ಒಂದರಂತೆ ಸಮವಾಗಿ ಬಿಗಿದ. ಹಿಡಿ ಎಳೆದರೆ ತಟ್ಟೆ ಬೆಣ್ಣೆಯಲ್ಲಿ ಚಾಕು ಹೋದಂತೆ ಸರಿಯಿತು. ತಳ್ಳಿದ, ಮುಚ್ಚಿತು. ಇನ್ನೂ ಒಂದೆರಡು ಸಲ ಸುಮ್ಮನೆ ಎಳೆದು ತಳ್ಳಿದ. ತಲೆಯ ಮೇಲೆ ಮಾವ ಓಡಾಡುತ್ತಿದ್ದರು, ಬೀರು ತೆಗೆದರು, ಮುಚ್ಚಿದರು, ಯಾವುದೋ ಜಿಪ್ ಎಳೆದ ಸದ್ದು ಕೇಳಿಸಿತು. ಕೈ ತೊಳೆದುಕೊಂಡು ಮೂಸಿ ನೋಡಿ ಮತ್ತೆ ತೊಳೆದುಕೊಳ್ಳುತ್ತಿರುವಾಗ ನಾದಿನಿಯ ಕಾರು ಜಲ್ಲಿಯ ಮೇಲೆ ಬಂದು ನಿಂತಿತು.

ಅವಳು ಇಳಿದವಳೇ ಕರವಸ್ತ್ರ ಮೂಗಿಗೆ ಒತ್ತಿಕೊಂಡು, ತಪ್ಪಾಯಿತೇನೋ ಎಂದು ತಕ್ಷಣ ಇಳಿಸಿದಳು. ಕುರ್ಚಿಯನ್ನು ಅಂಗೈಯಲ್ಲಿ ಒರೆಸಿ ಕೂತಳು. ಅಕ್ಕನದೇ ಹಣೆ, ಅಕ್ಕನದೇ ಕಿವಿ, ಅವನು ಅವಳನ್ನು ನೇರವಾಗಿ ನೋಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. “ಸೊರಗಿದ್ದೀರಿ ಭಾವ” ಎಂದಳು, ಅದು ಅಪ್ಪಟ ಸುಳ್ಳು. ಮಾವ ಮೆಟ್ಟಿಲಿಳಿದು ಬಂದರು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ಕೈಯಲ್ಲಿ ತಮ್ಮ ಕಂದು ಬ್ಯಾಗು. ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕಾಯುವವರ ಹಾಗೆ ಎದುರಿಗೆ ನೋಡತೊಡಗಿದರು. “ಬ್ಯಾಗ್ ಯಾಕಪ್ಪ?” ಎಂದು ಮಗಳು ಕೇಳಿದಳು. ಅವಳು ಅವರನ್ನೂ ಅವನನ್ನೂ ನೋಡಿ, “ಏನಾಗಿತ್ತು ಟ್ಯಾಂಕಿಗೆ?” ಎಂದಳು. ಬೇಡದ ಪ್ರಶ್ನೆಯನ್ನು ಮೊದಲು ಕೇಳುವ ಜಾಣತನ ಅವಳಿಗೆ ಹುಟ್ಟಿನಿಂದಲೇ ಇತ್ತು.

“ಬಟ್ಟೆ ಸಿಕ್ಕಿಕೊಂಡಿತ್ತು” ಎಂದ ಅವನು.

“ಬಟ್ಟೆಯಾ? ಅಲ್ಲಿಗೆ ಹೇಗೆ ಹೋಯ್ತು?”

ಮಾವನ ಬೆರಳು ಬ್ಯಾಗಿನ ಹಿಡಿಯ ಮೇಲೆ ಬಿಗಿಯಾಗಿದ್ದನ್ನು ಅವನು ಕಂಡ. ಹೇಳಲು ತಯಾರಾಗಿ ಬಂದ ವಾಕ್ಯ ನಾಲಿಗೆಯ ಮೇಲೇ ಇತ್ತು, ಮಾವನಿಂದ ಈಗ ಆಗುತ್ತಿಲ್ಲ ಕಣಮ್ಮ, ಎಂದು ಮೆಲ್ಲಗೆ ಶುರುವಾಗುವ ವಾಕ್ಯ. “ನಾನೇ ಹಾಕಿದ್ದು” ಎನ್ನುವ ದನಿ ಕೇಳಿಸಿತು. ಅದು ತನ್ನದೇ ಎಂದು ಆಮೇಲೆ ತಿಳಿಯಿತು.

“ನೀವಾ?” ನಾದಿನಿ ಮುಂದೆ ಬಾಗಿದಳು. “ಮೆಷೀನಿನ ಕೆಲಸ ಮಾಡ್ಕೊಂಡು ಬಂದವರು ನೀವು. ಕಮೋಡಿಗೆ ಬಟ್ಟೆ ಹಾಕ್ತೀರಾ? ಭಾವ, ನನ್ನ ಹತ್ರ ಮುಚ್ಚಿಡೋದು ಬೇಡ. ಯಾರು ಹಾಕಿದ್ದು, ಯಾಕೆ ಹಾಕಿದ್ದು?”

ಅವನಿಗೆ ಒಂದು ಸುಳ್ಳು ಹೇಳಿಯೇ ಮೈಯೆಲ್ಲ ಬೆವರಿತ್ತು. ಆಗ ಮಾವ ಗಂಟಲು ಸರಿಮಾಡಿಕೊಂಡರು.

“ಅವರನ್ನ ಬೈಬೇಡ. ನಾನು ಹೇಳ್ತೀನಿ ಕೇಳು” ಎಂದರು. ಮಗಳ ಕಡೆಗೂ ನೋಡಲಿಲ್ಲ, ಅವನ ಕಡೆಗೂ ನೋಡಲಿಲ್ಲ, ದೂರದ ಬೇಲಿಯನ್ನು ನೋಡುತ್ತ ಹೇಳಿದರು. “ನಿಮ್ಮ ಭಾವನಿಗೆ ಈಗ ತಡಕೊಳ್ಳೋಕೆ ಆಗಲ್ಲ. ಎದ್ದು ಹೋಗೋಷ್ಟರಲ್ಲಿ ಆಗಿಹೋಗಿರುತ್ತೆ. ಬಾಗಿಲು ಕೈಗೆ ಸಿಕ್ಕಿರುತ್ತೆ, ಆದ್ರೂ ಆಗಲ್ಲ. ಮೊದಮೊದಲು ಅವರಿಗೇ ನಂಬಿಕೆ ಬರಲಿಲ್ಲ, ನೀರು ಚೆಲ್ಲಿದೆ ಅಂದ್ಕೊಂಡ್ರು. ಆಮೇಲೆ ನೀರು ಕುಡಿಯೋದೇ ಬಿಟ್ರು. ಅದರಿಂದ ತಲೆ ಸುತ್ತು. ಯಾರಿಗಾದ್ರೂ ಹೇಳೋಣ ಅಂದ್ರೆ ಎದುರಿಗಿರೋನು ನಾನೊಬ್ಬನೇ, ನನ್ನ ಹತ್ರ ಹೇಗೆ ಹೇಳ್ತಾರೆ? ಹೆಣ್ಣು ಕೊಟ್ಟ ಮಾವ. ಅದಕ್ಕೆ ಹೊದಿಕೆ ಕತ್ತರಿಸಿ, ಒಳಗೆ ಇಟ್ಕೊಳ್ಳೋಕೆ ಮಾಡ್ಕೊಂಡ್ರು. ಅದು ಅವಳ ಹೊದಿಕೆ. ಬೇರೆ ಯಾವುದೂ ಅಷ್ಟು ಮೆತ್ತಗಿರಲಿಲ್ಲ. ತಪ್ಪು ಅಂತ ಗೊತ್ತು.” ಅಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡರು. “ಕ್ಷಮಿಸಿ ಅಂತ ಕೇಳೋಕೂ ಬರಲ್ಲ ಕೆಲವರಿಗೆ.”

ನಾದಿನಿ ತಿರುಗಿ ಅವನನ್ನು ನೋಡಿದಳು. ಜೀವನದಲ್ಲಿ ಇಷ್ಟು ಮರುಕದಿಂದ ಅವನನ್ನು ಯಾರೂ ನೋಡಿರಲಿಲ್ಲ. ತನ್ನದಲ್ಲದ ನಾಚಿಕೆ ಮುಖಕ್ಕೆ ಬಿಸಿಯಾಗಿ ಏರುತ್ತಿರುವುದು ಅವನಿಗೆ ತಿಳಿಯಿತು, ಅದು ತನ್ನದಲ್ಲ ಎಂದು ಹೇಳಲು ಇದ್ದ ಹೊತ್ತು ಜಾರಿಹೋಗುತ್ತಿರುವುದೂ ತಿಳಿಯಿತು. “ಹೌದಾ ಭಾವ?” ಎಂದು ಅವಳು ಕೇಳಿದಳು. ಅವನು ತಲೆಯಾಡಿಸಿದ. “ಹೌದು.”

“ಅಯ್ಯೋ, ಹಾಗಾದ್ರೆ ಅಪ್ಪ ಇಲ್ಲಿದ್ದು ಏನು ಮಾಡ್ತಾರೆ? ನಿ‍ಮಗೇ ಇಷ್ಟು ಕಷ್ಟ ಇರೋವಾಗ ಅವರನ್ನ ಯಾರು ನೋಡ್ಕೊಳ್ಳೋದು? ಅಪ್ಪ, ಬ್ಯಾಗೂ ತಂದಿದ್ದೀಯ. ಬಾ, ಹೋಗೋಣ.”

“ಹೋಗೋಣ ಅಂತಲೇ ಬ್ಯಾಗ್ ತುಂಬಿದ್ದು” ಎಂದರು ಮಾವ. “ಆದ್ರೆ ಇವರನ್ನ ಹೀಗೆ ಬಿಟ್ಟು ಹೇಗೆ ಬರ್ಲಿ? ಇವರಿಗೆ ಯಾರಿದ್ದಾರೆ?”

ಪಕ್ಕದ ಗಾಡಿಯ ಕಿಟಕಿ ತೆರೆದ ಸದ್ದಾಯಿತು, ವಾಸನೆ ಹೋಗಿರಬೇಕು. ನಾದಿನಿ ಚೀಲದಿಂದ ಫೋನು ತೆಗೆದು ಏನೋ ಹುಡುಕುತ್ತ, ಕೆಲಸ ಸಿಕ್ಕಿದ ಸಮಾಧಾನದ ದನಿಯಲ್ಲಿ ಹೇಳಿದಳು. “ಇದಕ್ಕೆ ಹೊದಿಕೆ ಕತ್ತರಿಸೋದು ಬೇಕಾಗಿಲ್ಲ. ದೊಡ್ಡವರು ಹಾಕ್ಕೊಳ್ಳೋ ಡೈಪರ್ ಔಷಧಿ ಅಂಗಡೀಲೇ ಸಿಗುತ್ತೆ, ಒಳಉಡುಪಿನ ಥರಾನೇ ಇರುತ್ತೆ, ಪ್ಯಾಂಟಿನ ಮೇಲೆ ಗೊತ್ತೇ ಆಗಲ್ಲ. ಈಗಲೇ ಹೋಗಿ ತರ್ತೀನಿ. ಸೈಜ್ ಹೇಳಿ ಭಾವ. ಸೊಂಟ ಎಷ್ಟು?”

“ಮೂವತ್ತು” ಎಂದರು ಮಾವ.

ಬೇರೆ ಏನನ್ನಾದರೂ ಹೇಗೆ ಬೇಕಾದರೂ ತಿರುಗಿಸಿ ಹೇಳಬಲ್ಲ ಆ ಬಾಯಿಗೆ ಅಳತೆಯಲ್ಲಿ ಸುಳ್ಳು ಬರಲಿಲ್ಲ. ನಾದಿನಿಯ ಬೆರಳು ಫೋನಿನ ಮೇಲೆ ನಿಂತಿತು. ಅವಳ ಕಣ್ಣು ಅವನ ಅಂಗಿಯ ಮೇಲೆ, ಹೊಟ್ಟೆಯ ಹತ್ತಿರ ಎಳೆದುಕೊಂಡು ಬಾಯಿ ಬಿಟ್ಟಿದ್ದ ಗುಂಡಿಗಳ ಮೇಲೆ ಒಂದು ಕ್ಷಣ ಇತ್ತು. ಅಲ್ಲಿಂದ ಅಪ್ಪನ ಕಡೆಗೆ ಹೋಯಿತು, ಬಿಗಿದ ಬೆಲ್ಟಿನ ಮೇಲೆ ನೆರಿಗೆ ನೆರಿಗೆಯಾಗಿ ಕೂತ ಪ್ಯಾಂಟಿನವರೆಗೆ ಹೋಗಿ, ಮೇಲೆ ಮುಖದವರೆಗೆ ಏರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಕೂತಳು. ಮೂಗು ಒರೆಸಿಕೊಂಡಳು, ಈ ಸಲ ವಾಸನೆಗಲ್ಲ. ಆಮೇಲೆ ಎದ್ದು, ಅಪ್ಪನ ತೊಡೆಯ ಮೇಲಿದ್ದ ಬ್ಯಾಗನ್ನು ಮೆಲ್ಲಗೆ ಬಿಡಿಸಿ ತೆಗೆದು, ಗಾಡಿಯ ಬಾಗಿಲಿನಿಂದ ಒಳಗೆ ಸರಿಸಿದಳು.

“ಮೂವತ್ತು. ಸರಿ ಭಾವ, ತರ್ತೀನಿ” ಎಂದಳು, ಕಾರಿನ ಕಡೆಗೆ ಮುಖ ಮಾಡಿ. “ವಯಸ್ಸಾದ್ಮೇಲೆ ಎಲ್ಲರಿಗೂ ಆಗೋದೇ. ಇದರಲ್ಲಿ ನಾಚಿಕೊಳ್ಳೋ ಅಂಥದ್ದು ಏನೂ ಇಲ್ಲ.”

ಕಾರು ಹೊರಟು ಜಲ್ಲಿಯ ಸದ್ದು ಅಡಗುವವರೆಗೆ ಮಾವ ಬೇಲಿಯನ್ನೇ ನೋಡುತ್ತ ಕೂತಿದ್ದರು.

“ಕೇಳಿಸ್ತಾ ಅಳಿಯಂದ್ರೇ?” ಎಂದರು. “ನಾಚಿಕೊಳ್ಳೋ ಅಂಥದ್ದು ಏನೂ ಇಲ್ಲವಂತೆ.”

“ಕೇಳಿಸ್ತು ಮಾವ” ಎಂದ ಅವನು.